ಏಳೂ ನಲವತ್ತರಿಂದ ಒಂದೂವರೆವರೆಗೆ

ಮುವೈಲಾದ ಶಾಲೆಗಳ ಹಿಂದೆ ಒಂದು ಮರಳ ಬಯಲು.
ಮಕ್ಕಳನ್ನು ಇಳಿಸಿ ಬಂದ ಹಳದಿ ಬಸ್ಸುಗಳು
ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತವೆ,
ಎಮ್ಮೆಗಳ ಹಾಗೆ, ಒಂದೂವರೆಯವರೆಗೆ.
ಎಸಿ ಹಾಕುವಂತಿಲ್ಲ. ರೂಮಿಗೆ ಹೋಗುವಂತಿಲ್ಲ.
ಸೀಟಿನಡಿಯ ಬಿಸ್ಕತ್ ಪುಡಿ ಗುಡಿಸಿದ ಮೇಲೆ
ಆಯಾಗೆ ಉಳಿಯುವುದು ಹೊತ್ತು, ಬರೀ ಹೊತ್ತು.

ಈ ಚಳಿಗಾಲದಲ್ಲಿ ನಾನು ಓದಿದ್ದು ಒಂದೇ ಪುಸ್ತಕ.
ರೂಮಿನ ಫೆಲ್ಸಿಯ ಕಾರ್ಗೋ ಪೆಟ್ಟಿಗೆಯಲ್ಲಿ ಬಂದದ್ದು,
ಕನ್ನಡದ ಪತ್ತೇದಾರಿ, ರಟ್ಟಿಲ್ಲ, ಹೆಸರೂ ಇಲ್ಲ,
ಕೊನೆಯ ಹನ್ನೆರಡು ಪುಟ ಯಾರೋ ಹರಿದು
ಗಾಜಿನ ಬಳೆಗೆ ಸುತ್ತಿದ್ದಾರೆ.
ಬಳೆ ಒಂದೂ ಒಡೆದಿರಲಿಲ್ಲ ಎಂದಳು ಫೆಲ್ಸಿ, ಸಮಾಧಾನಕ್ಕೆ.
ಒಬ್ಬ ಅಂಚೆಯವ, ಒಬ್ಬಳು ನರ್ಸ್, ಬಾವಿಯಲ್ಲೊಂದು ಹೆಣ.
ನನಗೆ ಅನುಮಾನ ಅಂಚೆಯವನ ಮೇಲೆ:
ಮಳೆಯಲ್ಲಿ ಬಂದವನ ಚಪ್ಪಲಿ ಒಣಗಿತ್ತು, ನಲವತ್ತನೇ ಪುಟದಲ್ಲಿ.
ಫೆಲ್ಸಿಗೆ ನರ್ಸ್ ಮೇಲೆ. ಅವಳೂ ನರ್ಸೇ, ಗೊತ್ತಿರುತ್ತದಂತೆ.
ಅಡುಗೆಮನೆಯಲ್ಲಿ ಈ ಜಗಳ ಮೂರು ವಾರ ನಡೆಯಿತು,
ಕುಚ್ಚಲಕ್ಕಿ ಮೂರು ಸಲ ತಳ ಹಿಡಿಯಿತು.
ಇಷ್ಟು ಚೆನ್ನಾಗಿ ಮುಗಿದ ಪುಸ್ತಕ ನಾನು ಓದಿಯೇ ಇಲ್ಲ.

ಹನ್ನೊಂದಕ್ಕೆ ಡ್ರೈವರ್ ಗುಲ್ ಜಮಾನ್ ಫೋನನ್ನು
ಸ್ಟೇರಿಂಗಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟುತ್ತಾನೆ.
ತುರ್ಕಿಯ ಧಾರಾವಾಹಿ, ಅರಬ್ಬಿ ಮಾತು,
ಅವನ ಉರ್ದು ವ್ಯಾಖ್ಯಾನ, ನನ್ನ ತಲೆಯೊಳಗೆ ಕನ್ನಡ.
ಇಷ್ಟು ಜರಡಿ ದಾಟಿ ಬರುವ ಹೊತ್ತಿಗೆ
ವಿಲನ್ನೂ ಒಳ್ಳೆಯವನಾಗಿರುತ್ತಾನೆ.
ನಾಯಕ ನಾಯಕಿ ತೀರ ಹತ್ತಿರ ಬಂದರೆ
'ನಮಾಜಿಗೆ ಹೊತ್ತಾಯಿತು ಅಂತಿದ್ದಾಳೆ' ಎಂದು
ಕಿಟಕಿಯಾಚೆ ನೋಡುತ್ತಾನೆ.
ನಾನೂ ನೋಡುತ್ತೇನೆ, ಇನ್ನೊಂದು ಕಿಟಕಿಯಾಚೆ.

ಮೊನ್ನೆ, ತೊಂಬತ್ತೊಂದನೇ ಕಂತಿನಲ್ಲಿ,
ಮುದುಕ ದೋಣಿ ಕಟ್ಟುವುದನ್ನು ಅರ್ಧಕ್ಕೆ ಬಿಟ್ಟು
ಮರದ ಹೊಟ್ಟಿನ ಮೇಲೆ ಮಲಗಿದ, ಏಳಲಿಲ್ಲ.
ವ್ಯಾಖ್ಯಾನ ನಿಂತಿತು.
'ಬ್ಯಾಟರಿ ಹೋಯಿತು ಬೆಹೆನ್' ಎಂದ.
ಮೂಲೆಯಲ್ಲಿ ಅರವತ್ತೆರಡು ಪರ್ಸೆಂಟ್ ಹಸಿರಾಗಿತ್ತು.
ಟೈರ್ ನೋಡಿ ಬರುತ್ತೇನೆಂದು ಇಳಿದವನು
ಆರು ಟೈರಿಗೆ ಮುಕ್ಕಾಲು ಗಂಟೆ ತೆಗೆದುಕೊಂಡ.

ಆಟದ ಕತೆ ಹೇಳಲು ಸ್ವಲ್ಪ ನಾಚಿಕೆ.
ಹದಿನೇಳನೇ ಸೀಟಿನ ಅಯ್ಹಮ್ ಬಿಟ್ಟು ಹೋಗಿದ್ದ,
ಅಂಗೈಯಗಲದ ಯಂತ್ರ. ಆಫೀಸಿಗೆ ಒಪ್ಪಿಸಬೇಕು, ಅದು ನಿಯಮ.
ನಾನು ಗುಂಡಿ ಒತ್ತಿದೆ.
ಒಂದು ನರಿಮರಿ, ಬಾಯಲ್ಲಿ ಲಾಟೀನು,
ಎದುರಿಗೆ ಕಂದರ, ಮುರಿದ ಸೇತುವೆ.
ಹಾರಿದೆ, ಬಿದ್ದೆ. ಹಾರಿದೆ, ಬಿದ್ದೆ.
ನಲವತ್ತಾರರ ಹೆಬ್ಬೆರಳು, ಪಾತ್ರೆ ಉಜ್ಜಿ ಒರಟಾದದ್ದು,
ಒತ್ತಿದ್ದು ಅದಕ್ಕೇ ತಿಳಿಯುವುದಿಲ್ಲ.
ಸಾಕಾಗಿ ಮಡಿಲಲ್ಲಿಟ್ಟು ಚಪಾತಿ ತಿನ್ನುತ್ತಿದ್ದೆ;
ನೋಡುತ್ತೇನೆ, ನರಿ ಸುಮ್ಮನೆ ಕೂತಿದೆ. ಕೂತಷ್ಟು ಹೊತ್ತು
ಲಾಟೀನಿನ ಬೆಳಕು ಹಿಗ್ಗುತ್ತ ಹಿಗ್ಗುತ್ತ
ಇಲ್ಲದ ಹಲಗೆಗಳು ಒಂದೊಂದಾಗಿ ಕಾಣತೊಡಗಿದವು.
ಹಾರುವುದೇ ಬೇಕಿರಲಿಲ್ಲ.
ಶಾರ್ಜಾದಲ್ಲಿ ಹನ್ನೊಂದು ವರ್ಷ ಕಾದವಳಿಗೆ
ಇದು ಹೊಳೆಯಲು ಒಂದು ಚಪಾತಿ ಬೇಕಾಯಿತು.

ಯಂತ್ರವನ್ನು ಸೀಟಿನ ಸಂದಿಯಲ್ಲೇ ಇಟ್ಟಿದ್ದೆ, ಇದ್ದ ಹಾಗೆ.
ಮಧ್ಯಾಹ್ನ ಅಯ್ಹಮ್ ತೆರೆದ,
ತೆರೆದು ನನ್ನನ್ನೇ ನೋಡಿದ.
'ಯಾರು ದಾಟಿಸಿದ್ದು?'
ನಾನು ತಲೆ ಎಣಿಸುತ್ತಿದ್ದೆ: ಮೂವತ್ತು, ಮೂವತ್ತೊಂದು,
ಮತ್ತೆ ಮೊದಲಿನಿಂದ.
'ಎರಡು ತಿಂಗಳಿಂದ ಬೀಳ್ತಿದ್ದೆ' ಅಂದ, ಬೇರೇನೂ ಅನ್ನಲಿಲ್ಲ,
ಅಲ್ ನಹ್ದಾದ ತಿರುವಿನಲ್ಲಿ ಬ್ಯಾಗು ಎಳೆದುಕೊಂಡು ಇಳಿದ.

ಇವತ್ತು ಬೆಳಿಗ್ಗೆ ಗುಡಿಸುವಾಗ
ಹದಿನೇಳನೇ ಸೀಟಿನ ಮೇಲೆ, ಸಂದಿಯಲ್ಲಲ್ಲ, ಮೇಲೆ,
ಕರವಸ್ತ್ರ ಹೊದ್ದು ಮಲಗಿದೆ ಯಂತ್ರ.
ಚಾರ್ಜು ನೂರಕ್ಕೆ ನೂರು.
ನರಿ ಒಂದು ಕೆರೆಯ ದಡದಲ್ಲಿ ನಿಂತಿದೆ,
ಈಜು ಬಾರದ ಮುಖ ಮಾಡಿಕೊಂಡು.

ಗುಲ್ ಜಮಾನ್, ನಿನ್ನ ಕಂತು ನಾಳೆಗಿರಲಿ.
ಫೆಲ್ಸಿ, ಅಂಚೆಯವನೇ. ಚಪ್ಪಲಿ ಒಣಗಿತ್ತು.